ಹುಳು ಬಾಲ ಮರಳಿ ಬೆಳೆಸುವುದು ಭ್ರೂಣದ ಹಾದಿಯನ್ನೇ ಹಿಡಿದೇ?

ಪ್ರಶ್ನೆ:
ಪ್ಲಾಟಿನೆರೀಸ್ ಡುಮೆರಿಲಿ ಎಂಬ ಸಮುದ್ರಹುಳುವಿನ ಬಾಲ ಕತ್ತರಿಸಿದರೆ ಹೊಸ ಖಂಡಗಳು (ಸಾಲಾಗಿ ಮರುಕಳಿಸುವ ದೇಹದ ಭಾಗಗಳು) ಬರುತ್ತವೆ. ಅವುಗಳಲ್ಲಿ ಖಂಡಗಳ ಗಡಿ ಗುರುತಿಸುವ ಎಂಗ್ರೇಲ್ಡ್, ವಿಂಟ್1 ಜೀನ್‌ಗಳು ಲಾರ್ವಾದಲ್ಲಿದ್ದ ಹಾಗೆಯೇ ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಇದನ್ನು ಭ್ರೂಣ ಬೆಳವಣಿಗೆಯ ಪುನರಾವರ್ತನೆ ಎನ್ನಬಹುದೇ? ಹೋಲಿಸುವ ಪ್ರಯೋಗ ಹೇಗಿರಬೇಕು?

ಉತ್ತರ 1:
ಖಂಡ ಮೂಡುವ ಹಂತಕ್ಕೆ ಆ ಮಾತು ಒಪ್ಪುತ್ತದೆ, ಶುರುವಿಗೆ ಖಂಡಿತ ಇಲ್ಲ. ಭ್ರೂಣದಲ್ಲಿ ಅಂಡ ಸುರುಳಿ ಕ್ರಮದಲ್ಲಿ ವಿಭಜನೆಯಾಗುತ್ತದೆ. 4ಡಿ ಎಂಬ ಒಂದೇ ಕೋಶದಿಂದ ಮುಂಡದ ಮಧ್ಯಪದರದ (ಸ್ನಾಯು ಮುಂತಾದವು ಮೂಡುವ ಪದರ) ಬಹುಪಾಲು ಹುಟ್ಟುತ್ತದೆ. ಬೆಳೆದ ಹುಳುವಿನಲ್ಲಿ 4ಡಿ ಎಲ್ಲಿಂದ ಬರಬೇಕು? ಗಾಯದ ಪಕ್ಕದ ಹಳೆಯ ಅಂಗಾಂಶವೇ ಕೋಶ ಒದಗಿಸುತ್ತದೆ.

ಇನ್ನೊಂದು ಗಮನಿಸಿ. ಲಾರ್ವಾದ ಮೊದಲ 3 ಬಿರುಗೂದಲಿನ ಖಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಮೂಡುತ್ತವೆ. ಆಮೇಲಿನವು ಗುದಭಾಗಕ್ಕೆ ಅಂಟಿಕೊಂಡಂತೆ ಮುಂದಿರುವ ಬೆಳವಣಿಗೆ ಪಟ್ಟಿಯಿಂದ ಒಂದೊಂದಾಗಿ ಬರುತ್ತವೆ. ಬಾಲ ಕಡಿದಾಗ ಮರಳುವುದು ಈ ಎರಡನೇ ಕ್ರಮ. ಸುಮಾರು 1 ದಿನಕ್ಕೆ ಗಾಯ ಮುಚ್ಚುತ್ತದೆ, 2ನೇ ದಿನ ಪುಟ್ಟ ಬ್ಲಾಸ್ಟೀಮಾ (ಹೊಸ ಅಂಗಾಂಶ ಕಟ್ಟುವ ಕೋಶಗಳ ಮೊಗ್ಗು) ಮತ್ತು ಗುದದ್ವಾರ, 3ನೇ ದಿನಕ್ಕೆ ಬೆಳವಣಿಗೆ ಪಟ್ಟಿ ಸಜ್ಜು, 5ನೇ ದಿನಕ್ಕೆ ಖಂಡಗಳ ಗೆರೆ. ತುದಿ ಮೊದಲು, ನಡು ಆಮೇಲೆ.

ಉತ್ತರ 2:
ಹಾಗಾಗಿ ಲಾರ್ವಾ ಮತ್ತು ಕತ್ತರಿಸಿದ ಹುಳುವಿನ ಜೊತೆಗೆ ಅದೇ ವಯಸ್ಸಿನ ಕತ್ತರಿಸದ ಹುಳುವೂ ಇರಲೇಬೇಕು. ಸುಮ್ಮನೆ ಬೆಳೆಯುತ್ತಿರುವ ಬಾಲದಲ್ಲೂ ಅವೇ ಜೀನ್‌ಗಳು ಕೆಲಸ ಮಾಡುತ್ತಿರುತ್ತವೆ.

3-4 ತಿಂಗಳ, 30-40 ಖಂಡಗಳ ಹುಳು ತೆಗೆದುಕೊಳ್ಳಿ. ಪ್ರಜನನಕ್ಕೆ ಮಾಗುತ್ತಿರುವುದು ಬೇಡ, ಅದರ ಪುನರುತ್ಪಾದನೆಯ ಶಕ್ತಿ ಕುಂದಿರುತ್ತದೆ. ಅರಿವಳಿಕೆಗೆ 7.5% ಮೆಗ್ನೀಸಿಯಮ್ ಕ್ಲೋರೈಡ್ ದ್ರಾವಣವನ್ನು ಸಮುದ್ರದ ನೀರಿನೊಂದಿಗೆ ಸಮಪಾಲು ಬೆರೆಸಿ. ಹುಳು ಮುದುಡುವುದು ನಿಂತ ಮೇಲೆ ಹೊಸ ಬ್ಲೇಡಿನಿಂದ ಎರಡು ಖಂಡಗಳ ಗಡಿಯಲ್ಲೇ ನೇರವಾಗಿ ಕೊಯ್ಯಿರಿ. ಓರೆಯಾದರೆ ಅರ್ಧ ಖಂಡ ಉಳಿದು, ಬ್ಲಾಸ್ಟೀಮಾ ವಾಲಿಕೊಂಡು ಹಂತ ಗುರುತಿಸಲು ಆಗುವುದಿಲ್ಲ. ಗುದಭಾಗವನ್ನಷ್ಟೇ ತೆಗೆದರೆ ಬೆಳವಣಿಗೆ ಪಟ್ಟಿ ಉಳಿದುಬಿಡಬಹುದು. ಆಗ ನೀವು ಎಣಿಸುವುದು ಮಾಮೂಲಿ ಬೆಳವಣಿಗೆಯನ್ನು. ಕೊನೆಯ 5-6 ಖಂಡ ಸೇರಿಸಿ ಕೊಯ್ಯಿರಿ, ಎಲ್ಲ ಹುಳುಗಳಲ್ಲೂ ಒಂದೇ ಲೆಕ್ಕ.

ಗಂಟೆಗೆ ಗಂಟೆ ತಾಳೆ ಹಾಕಬೇಡಿ, ಆಕಾರ ನೋಡಿ ಹಂತ ಜೋಡಿಸಿ. ಕೋಶ ವಿಭಜನೆ ತಡೆಯುವ ಹೈಡ್ರಾಕ್ಸಿಯೂರಿಯಾ ಹಾಕಿದರೂ ಗಾಯ ಮುಚ್ಚುತ್ತದೆ, ಖಂಡ ಮಾತ್ರ ಬರುವುದಿಲ್ಲ. ಗಾಯ ಮುಚ್ಚುವ ಆ ಮೊದಲ ಹೆಜ್ಜೆಗೆ ಭ್ರೂಣದಲ್ಲಿ ಜೋಡಿಯೇ ಇಲ್ಲ.

ಉತ್ತರ 3:
ತಲೆಯ ಕಡೆಯದನ್ನೂ ಸೇರಿಸಿಕೊಳ್ಳಿ. ಪ್ಲಾಟಿನೆರೀಸ್‌ಗೆ ತಲೆ ಮರಳುವುದಿಲ್ಲ. ಸಿಹಿನೀರಿನ ಹುಳುವಾದ ಲಂಬ್ರಿಕ್ಯುಲಸ್‌ಗೆ ಮರಳುತ್ತದೆ. ಮುಂದಿನ ಎಷ್ಟೇ ಖಂಡ ಹೋದರೂ ಅದು ಹೊಸದಾಗಿ ಕಟ್ಟುವುದು 7-8 ಮಾತ್ರ. ಮಿಕ್ಕ ಕೊರತೆ ತುಂಬಲು ಹಳೆಯ ಖಂಡಗಳೇ ತಮ್ಮ ಹೊಸ ಜಾಗಕ್ಕೆ ತಕ್ಕಂತೆ ರೂಪ ಬದಲಿಸುತ್ತವೆ. ಬದಲಿಸಲು ಹಳೆಯ ಖಂಡವೇ ಇಲ್ಲದ ಭ್ರೂಣದಲ್ಲಿ ಇದಕ್ಕೆ ಸಮಾನವಾದದ್ದನ್ನು ಹುಡುಕಿ ಪ್ರಯೋಜನವಿಲ್ಲ.

ಜಿಗಣೆಯದು ಇದಕ್ಕೆ ತದ್ವಿರುದ್ಧ: ಭ್ರೂಣದಲ್ಲಿ 5 ಜೊತೆ ಟೆಲೊಬ್ಲಾಸ್ಟ್ ಕೋಶಗಳಿಂದ (ಮತ್ತೆ ಮತ್ತೆ ವಿಭಜಿಸಿ ಸಾಲಾಗಿ ಮರಿಕೋಶ ಕೊಡುವ ದೊಡ್ಡ ಕೋಶಗಳು) ಕರಾರುವಾಕ್ಕಾಗಿ 32 ಖಂಡ ಕಟ್ಟುತ್ತದೆ, ಕಳೆದುಕೊಂಡ ಒಂದನ್ನೂ ಮತ್ತೆ ಬೆಳೆಸಲಾರದು.