ಟರ್ನರ್ ಆಗಿದ್ದ ಅಪ್ಪನ ಬದುಕನ್ನು ಮೊಮ್ಮಗಳಿಗೆ ಹೇಗೆ ಹೇಳಲಿ?

ಟರ್ನರ್ ಮಗಳು:
ಅಪ್ಪ ತೀರಿಕೊಂಡು ವರ್ಷವಾಗುತ್ತಾ ಬಂತು. ಆ ದಿನ ಮನೆಯವರೆಲ್ಲ ಸೇರುತ್ತೇವೆ, ನಾನು ನಾಲ್ಕು ಮಾತು ಆಡಬೇಕು. ಮೂವತ್ತಕ್ಕೂ ಜಾಸ್ತಿ ವರ್ಷ ಅವರು ಕಾರ್ಖಾನೆಯಲ್ಲಿ ಟರ್ನರ್ ಆಗಿ, ಲೋಹದ ತುಂಡನ್ನು ತಿರುಗಿಸುತ್ತಾ ಕತ್ತರಿಸುವ ಲೇಥ್ ಯಂತ್ರದ ಮುಂದೆ ನಿಂತವರು. "ಕಷ್ಟಜೀವಿ, ಯಾರಿಗೂ ಕೆಟ್ಟದ್ದು ಬಯಸಲಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಆ ಮಾತು ಯಾರ ಅಪ್ಪನಿಗಾದರೂ ಒಪ್ಪುತ್ತದೆ, ಅಲ್ವಾ? ನನಗೆ ನನ್ನ ಅಪ್ಪನೇ ಬೇಕು.

ರಾತ್ರಿ ಪಾಳಿ ಮುಗಿಸಿ ಬಂದರೆ ಅಂಗಿಯಲ್ಲಿ ಕಟಿಂಗ್ ಆಯಿಲ್ ವಾಸನೆ. ಅಂಗೈ ಒರಟು, ಮುಂಗೈ ತುಂಬ ಸಣ್ಣ ಸಣ್ಣ ಸುಟ್ಟ ಕಲೆ. ಉಂಗುರ ಮಾತ್ರ ರಜೆಯ ದಿನವೇ ಬೆರಳಿಗೆ ಬರುತ್ತಿತ್ತು. ನಿವೃತ್ತಿಯಾದ ಮೇಲೆ ಗೆಳೆಯರ ವರ್ಕ್‌ಶಾಪಿಗೆ ಹೋಗಿ ನನ್ನ ಮಗಳಿಗೊಂದು ಹಿತ್ತಾಳೆ ಬುಗುರಿ ಮಾಡಿ ತಂದರು. ಅದು ಅಲುಗಾಡದೆ ತಿರುಗಿತು. "ಸೆಂಟರ್ ಸರಿಯಾಗಿದೆ" ಅಂದರು, ಅಷ್ಟೇ. ಕೆಲಸದ ಬಗ್ಗೆ ಮನೆಯಲ್ಲಿ ಅದಕ್ಕಿಂತ ಜಾಸ್ತಿ ಮಾತಾಡಿದವರಲ್ಲ.

ಮಗಳು ಈಗಲೂ ಕೇಳುತ್ತಾಳೆ: "ನಾನು ಕರೆದರೆ ತಾತ ಯಾಕೆ ತಿರುಗಿ ನೋಡ್ತಿರಲಿಲ್ಲ?" ಆ ಕೆಲಸ ಬಲ್ಲವರು ಯಾರಾದರೂ ಇದ್ದರೆ ಹೇಳಿ.

ಹಳೇ ಲೇಥ್ ಆಪರೇಟರ್:
ನಾನೂ ಅದೇ ಕೆಲಸದವನು, ತಾಯಿ. ಉಂಗುರದ ವಿಷಯ ಓದಿ ಕಣ್ಣು ತುಂಬಿತು. ಲೋಹದ ತುಂಡನ್ನು ಕಚ್ಚಿ ಹಿಡಿದು ತಿರುಗುವ ಭಾಗಕ್ಕೆ ಚಕ್ ಅನ್ನುತ್ತೇವೆ, ಅದಕ್ಕೆ ಉಂಗುರ ಸಿಕ್ಕಿದರೆ ಬೆರಳೇ ಹೋಗುತ್ತದೆ. ಅದಕ್ಕೇ ಉಂಗುರ, ವಾಚು ಬಿಚ್ಚಿಟ್ಟು, ಅಂಗಿಯ ತೋಳು ಮಡಚಿ ನಿಲ್ಲುತ್ತೇವೆ. ಮೆಷಿನ್ ತಿರುಗುವಾಗ ಗ್ಲೌಸ್ ಕೂಡ ಹಾಕುವಂತಿಲ್ಲ, ಸಿಕ್ಕಿಕೊಂಡರೆ ಕೈಯನ್ನೇ ಒಳಗೆಳೆದುಬಿಡುತ್ತದೆ. ಹಾಗಾಗಿ ಬರಿಗೈ. ಹಾರುವ ಉಕ್ಕಿನ ಚೂರು ನೀಲಿ ಬಣ್ಣಕ್ಕೆ ತಿರುಗಿದೆ ಅಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ ಅಂತ ಅರ್ಥ. ಆ ಕಲೆಗಳು ಅದರವೇ ಇರಬೇಕು.

ದಪ್ಪ ಅಳೆಯುವ ನಮ್ಮ ಮೈಕ್ರೋಮೀಟರ್ ಉಪಕರಣದ ಒಂದು ಗೆರೆ 0.01 ಮಿಲಿಮೀಟರ್. ತಲೆಗೂದಲು ಅದರ ಐದಾರು ಪಟ್ಟಾದರೂ ದಪ್ಪ ಇರುತ್ತದೆ. ಬೇರಿಂಗ್ ಕೂರುವ ಜಾಗದಲ್ಲಿ ಒಂದೆರಡು ಗೆರೆ ಜಾಸ್ತಿ ಕತ್ತರಿಸಿದರೆ ಇಡೀ ಶಾಫ್ಟ್ ದಂಡವಾಗಬಹುದು. ಕತ್ತರಿಸಿದ್ದನ್ನು ವಾಪಸ್ ಅಂಟಿಸೋಕಾಗಲ್ಲ. ನಿಮ್ಮ ಅಪ್ಪ ಪಾಳಿಯುದ್ದಕ್ಕೂ ನಿಂತು ಮಾಡಿದ್ದು ಇದನ್ನೇ. ಮೊಮ್ಮಗಳಿಗೆ ಮೊದಲು ಇದನ್ನು ಹೇಳಿ.

ಬುಗುರಿಯನ್ನು ಅವರು ಒಂದೇ ಸಲ ಚಕ್‌ನಲ್ಲಿ ಹಿಡಿದು ಮುಗಿಸಿರಬೇಕು ಅನ್ನಿಸುತ್ತದೆ. ಬಿಚ್ಚಿ, ತಿರುವಿ ಹಿಡಿದರೆ ಸೆಂಟರ್ ತಪ್ಪುವುದು ಸುಲಭ, ಆಮೇಲೆ ಬುಗುರಿ ನಡುಗುತ್ತದೆ. "ಸೆಂಟರ್ ಸರಿಯಾಗಿದೆ" ಅನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ.

ಕಿವಿ ಪರೀಕ್ಷೆ ಮಾಡುವವಳು:
ನಿಮ್ಮ ಮಗಳ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಗದ್ದಲದಲ್ಲಿ ದುಡಿದವರ ಕಿವಿಯಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ತಿನ್ನುವುದು 4000 ಹರ್ಟ್ಸ್ ಆಸುಪಾಸಿನ ಎತ್ತರದ ಶ್ರುತಿಯ ಸ್ವರಗಳನ್ನು ಕೇಳುವ ಶಕ್ತಿ. 85 ಡೆಸಿಬಲ್ ಗದ್ದಲದಲ್ಲಿ ದಿನಕ್ಕೆ 8 ಗಂಟೆಯಂತೆ ವರ್ಷಗಟ್ಟಲೆ ಇದ್ದರೆ ಅಪಾಯವಿದೆ. ಒಳಗಿವಿಯಲ್ಲಿ ಸತ್ತ ಜೀವಕೋಶ ಮತ್ತೆ ಹುಟ್ಟುವುದಿಲ್ಲ. ಗಂಡಸರ ದಪ್ಪ ದನಿ ಕೇಳುತ್ತದೆ. ಮಕ್ಕಳ ಸಣ್ಣ ದನಿ ತಪ್ಪಿಹೋಗುತ್ತದೆ, ಸ, ಶ ತರಹದ ಅಕ್ಷರಗಳಂತೂ ಇನ್ನೂ ಕಷ್ಟ. ನಾನು ಅವರನ್ನು ಪರೀಕ್ಷೆ ಮಾಡಿದವಳಲ್ಲ. ಆದರೂ ಅವರ ಕೆಲಸ ನೋಡಿದರೆ ಕಾರಣ ಇದೇ ಇರಬಹುದು. ಮಗುವಿನ ಮನಸ್ಸಿನಲ್ಲಿ ಆ ಬೇಸರ ಉಳಿಯುವುದು ಬೇಡ, ದಯವಿಟ್ಟು ಹೇಳಿ.

ಕಾರ್ಮಿಕನ ಮಗ:
ಅವರ ಜೊತೆ ದುಡಿದವರನ್ನು ಈಗಲೇ ಹೋಗಿ ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. "ಅಪ್ಪ ಹೇಗಿದ್ದರು" ಅಂತ ಕೇಳಬೇಡಿ, "ಒಳ್ಳೆಯವರು" ಅಂದು ಸುಮ್ಮನಾಗುತ್ತಾರೆ. ಪಕ್ಕದ ಮೆಷಿನ್‌ನಲ್ಲಿ ಯಾರಿದ್ದರು, ಯಾವ ಕೆಲಸ ಬಂದರೆ ಅಪ್ಪನನ್ನೇ ಕರೆಯುತ್ತಿದ್ದರು ಅಂತ ಕೇಳಿ. ನಾನು ಹಾಗೆ ಕೇಳಿದಾಗ ನಮ್ಮಪ್ಪನ ಗೆಳೆಯರೊಬ್ಬರು ಇಡೀ ಸಂಜೆ ಮಾತಾಡಿದರು.

ಟರ್ನರ್ ಮಗಳು:
ಹಿರಿಯರೇ, ನಿಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ, ಮತ್ತೊಮ್ಮೆ ಓದಿಸಿಕೊಂಡರು. ಕಿವಿಯ ವಿಷಯ ಮಗಳಿಗೂ ಹೇಳಿದ್ದೇನೆ. "ಹಾಗಾದ್ರೆ ನಾನು ದಪ್ಪ ದನಿಯಲ್ಲಿ ಕರೀಬೇಕಿತ್ತು" ಅಂದಳು. ವರ್ಕ್‌ಶಾಪಿನ ಗೆಳೆಯರಿಗೂ ಫೋನ್ ಮಾಡಿದೆ. ಥ್ರೆಡ್ ಕೆಲಸ, ಅಂದರೆ ಸ್ಕ್ರೂವಿನಲ್ಲಿರುವಂಥ ಸುರುಳಿ ಗೆರೆ ಕೊರೆಯುವ ಕೆಲಸ ಬಂದರೆ ಅಪ್ಪನಿಗೇ ಕೊಡುತ್ತಿದ್ದರಂತೆ. ಹೊಸ ಹುಡುಗರನ್ನು ಮೊದಲ ದಿನ ಅಪ್ಪನ ಮೆಷಿನ್ ಹತ್ತಿರವೇ ನಿಲ್ಲಿಸುತ್ತಿದ್ದರಂತೆ. ಉಳಿದದ್ದನ್ನು ಎದುರಿಗೇ ಕೂತು ಹೇಳುತ್ತಾರಂತೆ. ಭಾನುವಾರ ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.