ಮೌಸ್ ಶ್ವಾನ್ ಕೋಶಗಳಲ್ಲಿ ಸಾಕ್ಸ್10 ಚೆನ್ನಾಗಿದೆ, ಕ್ರಾಕ್ಸ್20 ಏಳುತ್ತಿಲ್ಲ: ಮೈಲಿನ್ ಜೀನ್‌ಗಳು ಯಾಕೆ ಸುಮ್ಮನಿವೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಆಗಷ್ಟೇ ಹುಟ್ಟಿದ ಮೌಸ್ ಮರಿಗಳ ಸಯಾಟಿಕ್ ನರದಿಂದ (ಕಾಲಿನ ದೊಡ್ಡ ನರ) ಶ್ವಾನ್ ಕೋಶ, ಅಂದರೆ ಆಕ್ಸಾನ್ ಎಂಬ ನರತಂತುವಿಗೆ ಮೈಲಿನ್ ಹೊದಿಕೆ ಸುತ್ತುವ ಕೋಶ, ತೆಗೆದು ಬೆಳೆಸುತ್ತಿದ್ದೇನೆ. ಎಂಪಿಜಡ್ ಎಂಬ ಮೈಲಿನ್ ಜೀನಿನ ಎನ್‌ಹಾನ್ಸರ್ (ಜೀನನ್ನು ಏರಿಸುವ ಡಿಎನ್‌ಎ ತುಂಡು) ಮೇಲೆ, ಮೈಲಿನ್ ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನಾದ ಕ್ರಾಕ್ಸ್20 (ನಮ್ಮಲ್ಲಿ ಇಜಿಆರ್2 ಅಂತಲೂ ಬರೆಯುತ್ತೇವೆ) ಹೇಗೆ ಕೂರುತ್ತದೆ ಅಂತ ನೋಡಬೇಕು. ಅದಕ್ಕೂ ಮುಂಚೆ ಕೋಶಗಳು ಮೈಲಿನ್ ಹಾದಿಗೆ ಬರಬೇಕಲ್ಲ, ಅಲ್ಲೇ ಸಿಕ್ಕಿಕೊಂಡಿದ್ದೇನೆ.

ಲ್ಯಾಬಿನಲ್ಲಿ ಮೊದಲಿಂದ ನಡೆದುಬಂದ ಪ್ರೊಟೊಕಾಲ್ ಇದು: ಪಾಲಿಲೈಸಿನ್ ಮತ್ತು ಲ್ಯಾಮಿನಿನ್ ಲೇಪಿಸಿದ ತಟ್ಟೆ, ಬೆಳೆಯಲು ನ್ಯೂರೆಗ್ಯುಲಿನ್ (ಆಕ್ಸಾನ್ ಕಡೆಯಿಂದ ಬರುವ ಸಂಕೇತ ಪ್ರೋಟೀನು) ಜೊತೆಗೆ 2 ಮೈಕ್ರೋಮೋಲಾರ್ ಫಾರ್ಸ್ಕೊಲಿನ್ (ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತ ಅಣುವನ್ನು ಏರಿಸುವ ವಸ್ತು). ಕೋಶ ಸಾಕಷ್ಟಾದ ಮೇಲೆ ಎರಡನ್ನೂ ತೆಗೆದು, ಸೀರಮ್ ಕಡಿಮೆ ಮಾಡಿ, 1 ಮಿಲಿಮೋಲಾರ್ ಡೈಬ್ಯುಟಿರಿಲ್ ಸೈಕ್ಲಿಕ್ ಎಎಂಪಿ (ಕೋಶದೊಳಗೆ ಹೋಗಬಲ್ಲ ರೂಪ). ಮೂರು ದಿನ ಬಿಟ್ಟು ಆರ್‌ಎನ್‌ಎ ತೆಗೆಯುತ್ತೇನೆ.

ಸಾಕ್ಸ್10 (ಶ್ವಾನ್ ಕೋಶದ ಗುರುತಾದ ಪ್ರೋಟೀನು) ಹೆಚ್ಚುಕಡಿಮೆ ಎಲ್ಲ ನ್ಯೂಕ್ಲಿಯಸ್‌ಗಳಲ್ಲೂ ಕಾಣುತ್ತದೆ. ಕ್ರಾಕ್ಸ್20 ಮಾತ್ರ ಕದಲುತ್ತಿಲ್ಲ. ಎಂಪಿಜಡ್, ಎಂಬಿಪಿ (ಇನ್ನೊಂದು ಮೈಲಿನ್ ಜೀನ್) ಎರಡೂ ಇದ್ದಲ್ಲೇ ಇವೆ. ಮೈಲಿನ್‌ಗೆ ಅಡ್ಡಿಯಾಗುವ ಸಿ-ಜುನ್ ಇಳಿಯುವುದೇ ಇಲ್ಲ. ಆಂಟಿಬಾಡಿ ಸರಿಯಿದೆ, ನರದ ಸೆಕ್ಷನ್ ಮೇಲೆ ಸೊಗಸಾಗಿ ಬರುತ್ತದೆ. ಔಷಧಿಯೂ ಹೊಸದು. ವೈರಸ್ ಮೂಲಕ ಕ್ರಾಕ್ಸ್20 ಒಳಗೆ ಹಾಕಿಬಿಡಲೇ?

ಪೆಟ್ರಿತಟ್ಟೆ:
ಫೈಬ್ರೊಬ್ಲಾಸ್ಟ್ (ನರದ ಜೊತೆಗೇ ಬರುವ ಬೇರೆ ಕೋಶ) ಎಷ್ಟಿದೆ? ಅವು ತಟ್ಟೆ ತುಂಬಿಕೊಂಡರೆ ಕ್ಯುಪಿಸಿಆರ್‌ನಲ್ಲಿ (ಆರ್‌ಎನ್‌ಎ ಅಳೆಯುವ ಪರೀಕ್ಷೆ) ಎಲ್ಲವೂ ತೆಳುವಾಗಿ ಕಾಣುತ್ತದೆ. ಎಂಬಿಪಿ ಪ್ರೈಮರ್ (ಅಳೆಯಲು ಜೀನನ್ನು ಹಿಡಿಯುವ ಚಿಕ್ಕ ಡಿಎನ್‌ಎ) ಜೀನಿನ ಯಾವ ಎಕ್ಸಾನ್‌ಗಳ ನಡುವೆ ಇದೆ ಅಂತಲೂ ನೋಡಿ. ಆ ಜೀನ್ ಗೋಲಿ ಅನ್ನುವ ಇನ್ನೂ ದೊಡ್ಡ ಟ್ರಾನ್ಸ್‌ಕ್ರಿಪ್ಷನ್ ಘಟಕದ ಒಳಗೆ ಕೂತಿದೆ, ಪ್ರೈಮರ್ ಗೋಲಿಯನ್ನೂ ಹಿಡಿದರೆ ನಿಜವಾದ ಏರಿಳಿತ ಮುಚ್ಚಿಹೋಗುತ್ತದೆ.

ತುಂಗಾತೀರ:
ಹತ್ತರಲ್ಲಿ ಒಂಬತ್ತು ಕೋಶ ಶ್ವಾನ್ ಕೋಶವೇ ಸರ್, ಸಾಕ್ಸ್10 ನೋಡಿಯೇ ಎಣಿಸಿದ್ದು. ಪ್ರೈಮರ್ ಈಗಲೇ ನೋಡುತ್ತೇನೆ. ಆದರೆ ಎಂಪಿಜಡ್ ಕೂಡ ಏಳುತ್ತಿಲ್ಲವಲ್ಲ, ಅದಕ್ಕೆ ಗೋಲಿ ಕಾರಣ ಆಗಲಾರದು.

ಕುಮುದ್ವತಿ:
ವೈರಸ್ ಸದ್ಯಕ್ಕೆ ಬೇಡ. ಮೊದಲು ಒಂದು ಪ್ರಶ್ನೆ: ಆ ಪ್ರೊಟೊಕಾಲ್ ಮೂಲತಃ ರ‍್ಯಾಟ್ ಕೋಶಗಳಿಗೆ ಬರೆದದ್ದಲ್ಲವೇ? ನೀವು ಕೊಟ್ಟ ವಿವರ ನೋಡಿದರೆ ಹಾಗೇ ಅನ್ನಿಸುತ್ತದೆ, ತೊಂದರೆ ಇರುವುದೂ ಬಹುಶಃ ಅಲ್ಲೇ.

ರ‍್ಯಾಟ್ ಶ್ವಾನ್ ಕೋಶಕ್ಕೆ ನ್ಯೂರೆಗ್ಯುಲಿನ್ ತೆಗೆದು ಸೈಕ್ಲಿಕ್ ಎಎಂಪಿ ಮಾತ್ರ ಏರಿಸಿದರೂ ಕ್ರಾಕ್ಸ್20 ಬರುತ್ತದೆ. ಮೌಸ್ ಕೋಶ ಹಾಗಲ್ಲ. ಲಂಡನ್ನಿನ ಜೆಸೆನ್ ಮತ್ತು ಮರ್ಸ್ಕಿ ಅವರ ಗುಂಪು 2011ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿತು: ಮೌಸ್ ಕೋಶಕ್ಕೆ ನ್ಯೂರೆಗ್ಯುಲಿನ್ ಮತ್ತು ಸೈಕ್ಲಿಕ್ ಎಎಂಪಿ ಎರಡೂ ಒಟ್ಟಿಗೆ ಬೇಕು. ನೀವು ವಿಭೇದನಕ್ಕೆ (ಮೈಲಿನ್ ಹಾದಿಗೆ) ಬಿಡುವ ಹೊತ್ತಿಗೆ ಸರಿಯಾಗಿ ಒಂದನ್ನು ಕಿತ್ತುಕೊಳ್ಳುತ್ತಿದ್ದೀರಿ.

ಯಾಕೆ ಎರಡೂ ಬೇಕು ಅನ್ನುವುದು ಗೊತ್ತಿದ್ದರೆ ಮುಂದಿನ ಪ್ರಯೋಗಗಳಿಗೂ ಅನುಕೂಲ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸಾಕ್ಸ್10 ಇದ್ದ ಮಾತ್ರಕ್ಕೆ ಮೈಲಿನ್ ಬರಬೇಕು ಅಂತ ಎದುರುನೋಡಬೇಡಿ. ಅದು ನ್ಯೂರಲ್ ಕ್ರೆಸ್ಟ್ (ಭ್ರೂಣದಲ್ಲಿ ಶ್ವಾನ್ ಕೋಶಗಳ ಮೂಲ) ಹಂತದಿಂದಲೂ ಆ ಕೋಶದಲ್ಲಿ ಇದೆ. ಮೈಲಿನ್ ಮಾಡದ ಶ್ವಾನ್ ಕೋಶದಲ್ಲೂ ಇದೆ. ನರದಲ್ಲಿ ಆಗುವುದು ಏನೆಂದರೆ, ಆಕ್ಸಾನಿನ ಪೊರೆಯ ಮೇಲಿರುವ ನ್ಯೂರೆಗ್ಯುಲಿನ್1 ಟೈಪ್ 3, ಶ್ವಾನ್ ಕೋಶದ ಇಆರ್‌ಬಿಬಿ2–ಇಆರ್‌ಬಿಬಿ3 ಗ್ರಾಹಕಗಳನ್ನು ಮುಟ್ಟುತ್ತದೆ. ಇನ್ನೊಂದು ಕಡೆಯಿಂದ ಜಿಪಿಆರ್126 ಎಂಬ ಗ್ರಾಹಕ ಕೋಶದೊಳಗೆ ಸೈಕ್ಲಿಕ್ ಎಎಂಪಿ ಏರಿಸುತ್ತದೆ. ಆಗ ಆಕ್ಟ್6 ಎಂಬ ಇನ್ನೊಂದು ಜೀನ್ ನಿಯಂತ್ರಕ ಪ್ರೋಟೀನು ಏಳುತ್ತದೆ. ಕ್ರಾಕ್ಸ್20 ಜೀನಿನಿಂದ ಸುಮಾರು 35 ಕಿಲೋಬೇಸ್ ಕೆಳಗೆ ಶ್ವಾನ್ ಕೋಶಕ್ಕೆಂದೇ ಮೀಸಲಾದ ಒಂದು ಎನ್‌ಹಾನ್ಸರ್ ಇದೆ, ಸಾಕ್ಸ್10 ಮತ್ತು ಆಕ್ಟ್6 ಸೇರಿ ಕೆಲಸ ಮಾಡುವುದು ಅಲ್ಲಿ. ನ್ಯೂರೆಗ್ಯುಲಿನ್ ಕಡೆಯಿಂದ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವದ ಮೂಲಕ ಎನ್‌ಎಫ್‌ಎಟಿಸಿ4 ಎಂಬ ಪ್ರೋಟೀನು ಬಂದು ಸಾಕ್ಸ್10ಗೆ ಕೈಜೋಡಿಸುತ್ತದೆ. ಹೀಗೆ ಕ್ರಾಕ್ಸ್20 ಬಂದ ಮೇಲೆ ಅದು ಮತ್ತು ಸಾಕ್ಸ್10 ಜೊತೆಯಾಗಿ ಎಂಪಿಜಡ್‌ನ ಮೊದಲ ಇಂಟ್ರಾನ್‌ನಲ್ಲಿ ಕೂರುತ್ತವೆ. ನಿಮ್ಮ ಆಸಕ್ತಿಯ ಜಾಗ ಅದೇ ತಾನೆ.

ಕ್ರಾಕ್ಸ್20 ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಪ್ಯಾರಿಸ್ಸಿನಲ್ಲಿ ಟೊಪಿಲ್ಕೊ, ಶಾರ್ನೆ ಮತ್ತು ಸಂಗಡಿಗರು 1994ರಲ್ಲೇ ತೋರಿಸಿದರು. ಆ ಮೌಸ್‌ಗಳ ಶ್ವಾನ್ ಕೋಶ ಆಕ್ಸಾನನ್ನು ಹುಡುಕಿಕೊಳ್ಳುತ್ತದೆ, ಒಂದಕ್ಕೆ ಒಂದರಂತೆ ಅಂಟಿಕೊಳ್ಳುತ್ತದೆ, ಒಂದೂವರೆ ಸುತ್ತು ಹಾಕುವಷ್ಟರಲ್ಲಿ ನಿಂತುಬಿಡುತ್ತದೆ. ನನಗೆ ಈ ಕ್ಷೇತ್ರದಲ್ಲಿ ಇಂದಿಗೂ ಅತ್ಯಂತ ಸುಂದರ ಅನ್ನಿಸುವ ಪ್ರಯೋಗ ಅದು. ಆಕ್ಟ್6 ತೆಗೆದರೆ ಮಾತ್ರ ಮೈಲಿನ್ ಬರೀ ತಡವಾಗುತ್ತದೆ, ಯಾಕೆಂದರೆ ಅದರದೇ ಬಳಗದ ಬಿಆರ್‌ಎನ್2 ಆ ಕೆಲಸದ ಒಂದು ಪಾಲನ್ನು ನೋಡಿಕೊಳ್ಳುತ್ತದೆ.

ಇನ್ನು ಸಿ-ಜುನ್. ತಟ್ಟೆಯಲ್ಲಿರುವ ಶ್ವಾನ್ ಕೋಶಕ್ಕೆ ಆಕ್ಸಾನ್ ಇಲ್ಲ. ಅದರ ಪಾಲಿಗೆ ಇದು ಕತ್ತರಿಸಿದ ನರವೇ. ಪೆಟ್ಟಾದ ನರದಲ್ಲಿ ಸಿ-ಜುನ್ ಏರಿ, ಮೈಲಿನ್ ಜೀನ್‌ಗಳು ಇಳಿದು, ಕೋಶ ರಿಪೇರಿ ಕೆಲಸಕ್ಕೆ ಹೊರಳುತ್ತದೆ. ನರ ಮತ್ತೆ ಬೆಳೆಯಲು ಅದು ಬೇಕೇ ಬೇಕು. ಆದರೆ ಸಿ-ಜುನ್ ಕ್ರಾಕ್ಸ್20 ಅನ್ನು ತಡೆಯುತ್ತದೆ, ಕ್ರಾಕ್ಸ್20 ಸಿ-ಜುನ್ ಅನ್ನು ತಡೆಯುತ್ತದೆ. ಇಬ್ಬರಲ್ಲಿ ಒಬ್ಬರೇ ಇರಬಲ್ಲರು. ಸಾಕ್ಸ್2 ಕೂಡ ಸಿ-ಜುನ್ ಪಕ್ಷ. ಅದಕ್ಕೇ ಸರಾಸರಿ ಆರ್‌ಎನ್‌ಎ ಒಂದನ್ನೇ ನಂಬಬೇಡಿ, ಒಂದೇ ಕವರ್‌ಸ್ಲಿಪ್ ಮೇಲೆ ಎರಡಕ್ಕೂ ಬಣ್ಣ ಹಾಕಿ ಕೋಶ ಕೋಶವಾಗಿ ನೋಡಿ.

ಮಾಡಬೇಕಾದದ್ದು: ಸೈಕ್ಲಿಕ್ ಎಎಂಪಿ ಕೊಡುವಾಗ ನ್ಯೂರೆಗ್ಯುಲಿನ್ ಉಳಿಸಿಕೊಳ್ಳಿ, ಸೀರಮ್ ಪೂರ್ತಿ ತೆಗೆಯಿರಿ. ಬರೀ ಸೈಕ್ಲಿಕ್ ಎಎಂಪಿ, ಬರೀ ನ್ಯೂರೆಗ್ಯುಲಿನ್, ಎರಡೂ ಇರುವುದು, ಎರಡೂ ಇಲ್ಲದ್ದು, ಹೀಗೆ ನಾಲ್ಕು ತಟ್ಟೆ ಇಡಿ. ಮೀಡಿಯಾ ಬದಲಿಸಿದ ಬೆನ್ನಿಗೇ ಆರ್‌ಎನ್‌ಎ ತೆಗೆಯಬೇಡಿ. ಸೀರಮ್ ತಗಲಿದರೆ ಸಾಕು, ಫೈಬ್ರೊಬ್ಲಾಸ್ಟ್‌ನಲ್ಲೂ ಕ್ರಾಕ್ಸ್20 ಸ್ವಲ್ಪ ಹೊತ್ತು ಜಿಗಿದು ಇಳಿಯುತ್ತದೆ, ಅದಕ್ಕೂ ಮೈಲಿನ್‌ಗೂ ಸಂಬಂಧವಿಲ್ಲ.

ವೈರಸ್ ಹಾಕಿದರೆ ಎಂಪಿಜಡ್ ಖಂಡಿತ ಏಳುತ್ತದೆ. ಆದರೆ ನೀವು ಕೇಳುತ್ತಿರುವ ಪ್ರಶ್ನೆಯೇ ಕ್ರಾಕ್ಸ್20 ಎಲ್ಲಿ ಕೂರುತ್ತದೆ ಅನ್ನುವುದು. ಬೇಕಾಬಿಟ್ಟಿ ತುರುಕಿದ ಪ್ರೋಟೀನು ಕೂರಬಾರದ ಜಾಗದಲ್ಲೂ ಕೂರುತ್ತದೆ.

ಗುಲಗಂಜಿ:
ನಮಸ್ಕಾರ್ರೀ ಮೇಡಂ. ನಾ ಲ್ಯಾಬ್‌ನವ ಅಲ್ಲ, ಹುಡುಕ್ಕೋತ ಇಲ್ಲಿಗೆ ಬಂದೀನ್ರಿ. ನಮ್ಮ ತಮ್ಮಗ ಸಿಎಂಟಿ1ಎ (ನರದ ಮೈಲಿನ್ ಕೆಡೋ ವಂಶದ ಕಾಯಿಲೆ) ಅಂತ ರಿಪೋರ್ಟ್ ಬಂದದ. ಪಿಎಂಪಿ22 ಜೀನ್ ಎರಡು ಇರೋದು ಮೂರು ಅದಾವ ಅಂತ ಹೇಳಿದ್ರು. ಜಾಸ್ತಿ ಇದ್ರ ಮೈಲಿನ್ ಇನ್ನೂ ಗಟ್ಟಿ ಆಗಬೇಕಲ್ರಿ? ಮತ್ತ ವಿಟಮಿನ್ ಸಿ ಕೊಟ್ರ ಆಗ್ತದ ಅಂತ ಎಲ್ಲೋ ಓದಿದ್ದೆ.

ಕುಮುದ್ವತಿ:
ನಮಸ್ಕಾರ ಅಣ್ಣಾವ್ರೇ, ಒಳ್ಳೆಯದಾಯಿತು ಕೇಳಿದ್ದು. ಈ ಪ್ರಶ್ನೆಗೂ ಮೇಲಿನ ಚರ್ಚೆಗೂ ನೇರ ಸಂಬಂಧ ಇದೆ. ಪಿಎಂಪಿ22 ಕೂಡ ಕ್ರಾಕ್ಸ್20 ಮತ್ತು ಸಾಕ್ಸ್10 ಹಿಡಿತದಲ್ಲಿರುವ ಜೀನೇ. ಮೈಲಿನ್ ಪದರದಲ್ಲಿ ಪ್ರೋಟೀನುಗಳು ಒಂದಕ್ಕೊಂದು ಸರಿಯಾದ ಪ್ರಮಾಣದಲ್ಲಿ ಇರಬೇಕು, ಅಡುಗೆಯ ಉಪ್ಪಿನ ಹಾಗೆ. ಎರಡು 17ನೇ ಕ್ರೋಮೋಸೋಮುಗಳಲ್ಲಿ ಒಂದರಲ್ಲಿ ಪಿಎಂಪಿ22 ಇರುವ ಸುಮಾರು 1.4 ಮೆಗಾಬೇಸ್ ತುಂಡು ಎರಡು ಬಾರಿ ಬಂದರೆ (ಒಟ್ಟು ಮೂರು) ನಿಮ್ಮ ತಮ್ಮನಿಗೆ ಇರುವ ಸಿಎಂಟಿ1ಎ. ಅದೇ ತುಂಡು ಒಂದು ಕಡೆ ಬಿಟ್ಟುಹೋದರೆ ಬೇರೆ ಕಾಯಿಲೆ: ನರದ ಮೇಲೆ ಸ್ವಲ್ಪ ಒತ್ತಡ ಬಿದ್ದರೂ ಕೈಕಾಲು ಸ್ವಾಧೀನ ತಪ್ಪುತ್ತದೆ. ಹೆಚ್ಚಾದ ಪಿಎಂಪಿ22 ಸರಿಯಾಗಿ ಮಡಚಿಕೊಳ್ಳದೆ ಕೋಶದೊಳಗೇ ಸಿಕ್ಕಿಕೊಂಡು ಹೊರೆಯಾಗುತ್ತದೆ.

ವಿಟಮಿನ್ ಸಿ ಸುದ್ದಿ ಹುಟ್ಟಿದ್ದು 2004ರ ಮೌಸ್ ಪ್ರಯೋಗದಿಂದ, ಅಲ್ಲಿ ಫಲ ಕಂಡಿತ್ತು. ಆಮೇಲೆ ಮನುಷ್ಯರಲ್ಲಿ ಪರೀಕ್ಷೆ ನಡೆಯಿತು. ಇಟಲಿ ಮತ್ತು ಬ್ರಿಟನ್‌ನಲ್ಲಿ 2 ವರ್ಷ ನಡೆದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಬಂತು: ಉಪಯೋಗ ಆಗಲಿಲ್ಲ. ಅದಕ್ಕೆ ದುಡ್ಡು ಹಾಕಬೇಡಿ. ಫಿಸಿಯೋಥೆರಪಿ, ಕಣಕಾಲು ಮತ್ತು ಪಾದಕ್ಕೆ ಸರಿಹೊಂದುವ ಆಧಾರಪಟ್ಟಿ ಬಿಡಬೇಡಿ. ಮತ್ತೊಂದು ಮಾತು, ಇದನ್ನು ಮನೆಯವರೆಲ್ಲ ನೆನಪಿಟ್ಟುಕೊಳ್ಳಿ: ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಇವರ ನರಗಳಿಗೆ ತೀವ್ರ ಹಾನಿ ಮಾಡಬಲ್ಲದು. ಯಾವುದೇ ಕಾಯಿಲೆಗೆ ಯಾವ ಡಾಕ್ಟರ ಹತ್ತಿರ ಹೋದರೂ ಸಿಎಂಟಿ1ಎ ಇದೆ ಅಂತ ಮೊದಲೇ ಹೇಳಿ.

ಗುಲಗಂಜಿ:
ಭಾಳ ಉಪಕಾರ ಆತ್ರಿ. ವಿನ್‌ಕ್ರಿಸ್ಟಿನ್ ಅನ್ನೋದು ಫೈಲ್ ಮ್ಯಾಲ ಬರದಿಡ್ತೀನಿ.

ತುಂಗಾತೀರ:
ಮೇಡಂ, ನಾಲ್ಕು ತಟ್ಟೆಯ ಫಲಿತಾಂಶ ಬಂತು. ಎರಡೂ ಕೊಟ್ಟ ತಟ್ಟೆಯಲ್ಲಿ ಕ್ರಾಕ್ಸ್20 ನ್ಯೂಕ್ಲಿಯಸ್‌ನಲ್ಲಿ ಹೊಳೆಯುತ್ತಿದೆ! ಅದು ಇರುವ ಕೋಶಗಳಲ್ಲಿ ಸಿ-ಜುನ್ ಮಸುಕಾಗಿದೆ, ಪಕ್ಕದ ಕೋಶದಲ್ಲಿ ತದ್ವಿರುದ್ಧ. ಬರೀ ಸೈಕ್ಲಿಕ್ ಎಎಂಪಿ ಕೊಟ್ಟದ್ದರಲ್ಲಿ ಮೊದಲಿನಂತೆಯೇ ಏನೂ ಇಲ್ಲ. ಎಂಪಿಜಡ್ ಚೆನ್ನಾಗಿ ಏರಿದೆ. ಎಂಬಿಪಿ ಪ್ರೈಮರ್ ಬದಲಿಸಿದೆ, ಪೆಟ್ರಿತಟ್ಟೆ ಸರ್ ಹೇಳಿದ್ದು ನಿಜ, ಹಳೆಯದು ಗೋಲಿಯನ್ನೂ ಹಿಡಿಯುತ್ತಿತ್ತು. ಆದರೂ ಎಂಬಿಪಿ ಏರಿಕೆ ಸಣ್ಣದೇ.

ಕುಮುದ್ವತಿ:
ತುಂಬಾ ಸಂತೋಷ! ಎಂಬಿಪಿ ಬಗ್ಗೆ ಚಿಂತೆ ಬೇಡ. ಆಕ್ಸಾನ್ ಇಲ್ಲದ ತಟ್ಟೆಯಲ್ಲಿ ಸುತ್ತಲು ಏನೂ ಇಲ್ಲ, ನಿಜವಾದ ಮೈಲಿನ್ ಪದರ ಅಲ್ಲಿ ಬರುವುದಿಲ್ಲ. ಎನ್‌ಹಾನ್ಸರ್ ಕೆಲಸಕ್ಕೆ ಈಗಿನ ಕೋಶಗಳೇ ಸಾಕು, ಕ್ರೊಮ್ಯಾಟಿನ್ (ಪ್ರೋಟೀನುಗಳು ಕೂತಿರುವ ಡಿಎನ್‌ಎ) ತೆಗೆಯಲು ಶುರುಮಾಡಿ. ಬರೀ ಸೈಕ್ಲಿಕ್ ಎಎಂಪಿ ಕೊಟ್ಟ ತಟ್ಟೆಯನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಸಾಕ್ಸ್10 ಇದ್ದು ಕ್ರಾಕ್ಸ್20 ಇಲ್ಲದ ಕೋಶ, ಇದಕ್ಕಿಂತ ಒಳ್ಳೆಯ ಕಂಟ್ರೋಲ್ ಸಿಗದು.

ಪದರವನ್ನೇ ನೋಡಬೇಕಾದರೆ ಬೆನ್ನುಹುರಿ ಪಕ್ಕದ ಗ್ಯಾಂಗ್ಲಿಯಾನ್‌ನ ನ್ಯೂರಾನ್‌ಗಳನ್ನು ಮೊದಲು ಬೆಳೆಸಿ, ಆಕ್ಸಾನ್ ಹರಡಿದ ಮೇಲೆ ಶ್ವಾನ್ ಕೋಶ ಬಿಡಿ. ಅವು ಆಕ್ಸಾನ್ ಉದ್ದಕ್ಕೂ ಸಾಲಾಗಿ ನಿಂತಮೇಲೆ ಆಸ್ಕಾರ್ಬಿಕ್ ಆಸಿಡ್ (ಅದೇ ವಿಟಮಿನ್ ಸಿ) ಕೊಡಿ, ಮಿಲಿಲೀಟರಿಗೆ 50 ಮೈಕ್ರೋಗ್ರಾಂ. ಅದಿಲ್ಲದೆ ಬೇಸಲ್ ಲ್ಯಾಮಿನಾ (ಕೋಶದ ಹೊರಗಿನ ತೆಳು ಪೊರೆ) ಕಟ್ಟುವುದಿಲ್ಲ, ಲ್ಯಾಮಿನಾ ಇಲ್ಲದೆ ಸುತ್ತು ಶುರುವಾಗುವುದಿಲ್ಲ. ಎಂಬಿಪಿ ಬಣ್ಣ ಹಾಕುವ ಮುಂಚೆ ಮೈನಸ್ 20 ಡಿಗ್ರಿಯ ಮೆಥನಾಲ್‌ನಲ್ಲಿ ಇಡಿ, ಇಲ್ಲದಿದ್ದರೆ ಆಂಟಿಬಾಡಿ ಪದರಗಳ ಒಳಗೆ ಇಳಿಯದೆ ಅಂಚಿನಲ್ಲೇ ಉಳಿಯುತ್ತದೆ.