ನರ್ಸ್‌ಗಳ ಸಂಘದ ವರ್ಷದ ಕೆಲಸ: ಯಾವುದನ್ನು ಮೊದಲು ಹಿಡಿಯಬೇಕು?

ಹೊಸ_ಕಾರ್ಯದರ್ಶಿ:
ನಮ್ಮ ನರ್ಸಿಂಗ್ ಸಂಘಕ್ಕೆ ಹೊಸ ಕಾರ್ಯಕಾರಿ ಸಮಿತಿ ಬಂದಿದೆ. ಪಟ್ಟಿಯಲ್ಲಿ 480 ಸದಸ್ಯರಿದ್ದಾರೆ, ಹೆಚ್ಚಿನವರು ಮೂರು ಪಾಳಿಯಲ್ಲಿ ದುಡಿಯುವವರು. ಇಲ್ಲಿಯವರೆಗೆ ವರ್ಷದ ಕೆಲಸವೆಂದರೆ ಮೇ 12ರ ನರ್ಸ್‌ಗಳ ದಿನದ ಸಮಾರಂಭ, ಕೊನೆಗೊಂದು ಮಹಾಸಭೆ, ಅಷ್ಟೇ. ಈ ಸಲ ತರಬೇತಿ, ಸಿಬ್ಬಂದಿ ಕೊರತೆಯ ಬಗ್ಗೆ ಮನವಿ, ಸರಿಯಾದ ವಾರ್ಷಿಕ ವರದಿ ಮೂರೂ ಆಗಬೇಕೆಂದು ತೀರ್ಮಾನಿಸಿದ್ದೇವೆ. ಯಾವುದು ಯಾವಾಗ, ಎಲ್ಲಿ ಎಡವುತ್ತದೆ, ತಿಳಿದವರು ಹೇಳಿ.

ಬೈಲಾ_ಓದುಗ:
ಕ್ಯಾಲೆಂಡರ್ ಆಮೇಲೆ, ಮೊದಲು ಸದಸ್ಯರ ಪಟ್ಟಿ ಸರಿಮಾಡಿ. ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಕಾಲುಭಾಗ ಎಂದಿಟ್ಟುಕೊಳ್ಳಿ: 480ಕ್ಕೆ 120 ಜನ ಬರಬೇಕು. ಆ 480ರಲ್ಲಿ 160 ಮಂದಿ ಚಂದಾ ಬಾಕಿ ಉಳಿಸಿಕೊಂಡವರಾದರೆ ಉಳಿಯುವುದು 320, ಬೇಕಾದದ್ದು 80. ಮಹಾಸಭೆ ಕೋರಂ ಇಲ್ಲದೆ ಮುಂದೂಡಿ ಹೋಗುವುದು ಬಹುಪಾಲು ಈ ಲೆಕ್ಕದಿಂದಲೇ. ಹಾಗೆಂದು ಸಮಿತಿಯೇ ಕುಳಿತು ಹೆಸರು ಹೊಡೆದುಹಾಕಬೇಡಿ. ಬಾಕಿದಾರರಿಗೆ ಬೈಲಾದಲ್ಲಿ (ಸಂಘದ ನಿಯಮಾವಳಿ) ಇರುವಂತೆ ಲಿಖಿತ ನೋಟಿಸು ಹೋಗಿ, ಗಡುವು ಮುಗಿದು, ನಡಾವಳಿಯಲ್ಲಿ ದಾಖಲಾಗಬೇಕು. ಇಲ್ಲದಿದ್ದರೆ ಮುಂದಿನ ಚುನಾವಣೆಗೇ ತಕರಾರು ಬರುತ್ತದೆ.

ಪಟ್ಟಿಯಲ್ಲಿ ಹೆಸರು, ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ, ನೋಂದಣಿ ಮುಗಿಯುವ ದಿನ, ವಾರ್ಡು, ಮೊಬೈಲ್, ರಸೀದಿ ಸಂಖ್ಯೆ ಇರಲಿ. ನೋಂದಣಿ ಮುಗಿಯುವ ದಿನ ಬರೆದಿಟ್ಟಿದ್ದರೆ ನವೀಕರಣಕ್ಕೆ ಮೂರು ತಿಂಗಳು ಮೊದಲೇ ಸಂದೇಶ ಕಳಿಸಬಹುದು. ಸದಸ್ಯರಿಗೆ ಸಂಘದಿಂದ ಕಾಣುವಂಥ ಉಪಯೋಗ ಇದಕ್ಕಿಂತ ಅಗ್ಗದಲ್ಲಿ ಇನ್ನೊಂದಿಲ್ಲ.

ಮಹಾಸಭೆಯ ದಿನ ಗೊತ್ತುಮಾಡಿ ಹಿಂದಕ್ಕೆ ಎಣಿಸಿ. ನೋಟಿಸಿಗೆ ಮೂರು ವಾರ, ಆಡಿಟರ್‌ಗೆ ನಾಲ್ಕು, ಖಜಾಂಚಿ ಪುಸ್ತಕ ಮುಗಿಸಲು ಎರಡು ಎಂದರೆ ಒಂಬತ್ತು ವಾರ ಮೊದಲೇ ಕೆಲಸ ಶುರುವಾಗಿರಬೇಕು.

ಸ್ಕಿಲ್_ಲ್ಯಾಬ್:
ತರಬೇತಿಯ ಬಗ್ಗೆ. ಕ್ರೆಡಿಟ್ ಗಂಟೆಗೆ (ನೋಂದಣಿ ನವೀಕರಣಕ್ಕೆ ಲೆಕ್ಕವಾಗುವ ತರಬೇತಿ ಗಂಟೆ) ಕೌನ್ಸಿಲ್ ಅನುಮೋದನೆ ಬೇಕಿದ್ದರೆ ಅರ್ಜಿ ಮೊದಲೇ ಹೋಗಬೇಕು. ಕಾರ್ಯಕ್ರಮ ಮುಗಿದ ಮೇಲೆ ಕೇಳಿದರೆ ಸಿಗುತ್ತದೆಂದು ನಂಬಬೇಡಿ. ಊಟದ ಬಿಡುವು, ಉದ್ಘಾಟನೆಯ ಭಾಷಣಗಳನ್ನು ಗಂಟೆಯ ಲೆಕ್ಕಕ್ಕೆ ಸೇರಿಸಬೇಡಿ. ಹಾಜರಿ ಸಹಿ ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ. ಪ್ರಮಾಣಪತ್ರದಲ್ಲಿ ಹೆಸರು ನೋಂದಣಿಯಲ್ಲಿ ಇರುವಂತೆಯೇ ಇರಬೇಕು. ಇನಿಷಿಯಲ್ ಹಿಂದೆಮುಂದೆ ಆದರೂ ನವೀಕರಣದ ಹೊತ್ತಿಗೆ ತಾಪತ್ರಯ.

ಒಂದೇ ವಿಷಯವನ್ನು ಕನಿಷ್ಠ ಎರಡು ಸಲ, ಬೇರೆ ಬೇರೆ ವಾರ ಇಡಿ, ರೋಸ್ಟರ್ (ಪಾಳಿ ಪಟ್ಟಿ) ತಿರುಗಿ ಉಳಿದವರಿಗೂ ಸಿಗುತ್ತದೆ. ರಾತ್ರಿ ಪಾಳಿ ಮುಗಿಸಿದವರನ್ನು ಬೆಳಿಗ್ಗೆ ಒಂಬತ್ತಕ್ಕೆ ಕೂರಿಸಿದರೆ ಸಹಿ ಸಿಗುತ್ತದೆ, ಕಲಿಕೆ ಸಿಗುವುದಿಲ್ಲ.

ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ) ಇಡುವುದಾದರೆ ಒಂದು ತರಬೇತಿ ಬೊಂಬೆಗೆ ಆರು ಜನ, ಅದಕ್ಕಿಂತ ಹೆಚ್ಚು ಬೇಡ. ಒಬ್ಬರಿಗೆ ಎರಡೆರಡು ನಿಮಿಷದ ಎರಡು ಸುತ್ತು, ತಿದ್ದಲು ನಾಲ್ಕು ನಿಮಿಷ. ಆರು ಜನಕ್ಕೆ 48 ನಿಮಿಷ. ನಾಲ್ಕು ಬೊಂಬೆ ಇದ್ದರೆ ಗಂಟೆಗೆ 24 ಮಂದಿ. ವಯಸ್ಕರಿಗೆ ನಿಮಿಷಕ್ಕೆ 100ರಿಂದ 120 ಒತ್ತು, ಆಳ 5ರಿಂದ 6 ಸೆಂಟಿಮೀಟರ್. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡದಿರುವುದು ಅನುಭವಿಗಳೂ ಮಾಡುವ ತಪ್ಪು. ಅದು ಕೈಯಲ್ಲಿ ಮಾಡಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ, ಸ್ಲೈಡ್ ತೋರಿಸಿದರೆ ಅಲ್ಲ.

ಪಾಳಿ_ಲೆಕ್ಕ:
ಸಿಬ್ಬಂದಿ ಕೊರತೆಯ ಮನವಿಯಲ್ಲಿ "ನಮಗೆ ಬಹಳ ಒತ್ತಡ" ಎಂದು ಬರೆದರೆ ಕಡತ ಅಲ್ಲೇ ಕೂರುತ್ತದೆ. ಗಣಿತ ಬರೆಯಿರಿ. ಮೂರೂ ಪಾಳಿಯಲ್ಲಿ ಒಬ್ಬೊಬ್ಬ ನರ್ಸ್ ಇರಬೇಕಾದರೆ ವರ್ಷಕ್ಕೆ 1,095 ಪಾಳಿ. ವಾರದ ರಜೆ 52, ಉಳಿದ ರಜೆ 45 ಎಂದು ಹಿಡಿದರೆ ಒಬ್ಬರು ಬರುವುದು 268 ದಿನ. ಭಾಗಿಸಿ: 4.09. ಅಂದರೆ ಪ್ರತಿ ಪಾಳಿಗೆ ಮೂವರು ಬೇಕಾದ ವಾರ್ಡಿಗೆ 13 ಮಂದಿ. "ಮೂರು ಪಾಳಿ, ಮೂರು ಮೂರಲಿ ಒಂಬತ್ತು" ಎನ್ನುವ ಆಡಳಿತದವರ ಲೆಕ್ಕ ರಜೆಯನ್ನೇ ಮರೆತಿರುತ್ತದೆ. ರಾತ್ರಿ ಪಾಳಿಯ ನಂತರದ ಬಿಡುವು, ಹೆರಿಗೆ ರಜೆ ಸೇರಿದರೆ ಸಂಖ್ಯೆ ಇನ್ನೂ ಏರುತ್ತದೆ. ನಿಮ್ಮಲ್ಲಿನ ರಜೆಯ ನಿಯಮ ಹಾಕಿ ಮರುಲೆಕ್ಕ ಮಾಡಿಕೊಳ್ಳಿ.

ಜೊತೆಗೆ ಒಂದಿಡೀ ತಿಂಗಳು, ವಾರ್ಡುವಾರು, ಪಾಳಿವಾರು ಅಂಕಿ ಸಂಗ್ರಹಿಸಿ. ಇಲ್ಲಿ ಎರಡು ಕಡೆ ಕೆಡುತ್ತದೆ. ಒಂದು, ಮಧ್ಯರಾತ್ರಿಯ ರೋಗಿಗಳ ಎಣಿಕೆಯನ್ನಷ್ಟೇ ತೆಗೆದುಕೊಳ್ಳುವುದು: ಬೆಳಿಗ್ಗೆ ಡಿಸ್ಚಾರ್ಜ್ ಆದವರು, ಮಧ್ಯಾಹ್ನ ಅದೇ ಹಾಸಿಗೆಗೆ ಬಂದವರು, ಆ ದುಡಿಮೆಯೆಲ್ಲ ಕಾಣುವುದೇ ಇಲ್ಲ. ಇನ್ನೊಂದು, ವಿದ್ಯಾರ್ಥಿಗಳನ್ನೂ ಕಾಗದಪತ್ರದ ಕೆಲಸದಲ್ಲಿರುವ ಇನ್‌ಚಾರ್ಜ್ ಸಿಸ್ಟರನ್ನೂ ಹಾಸಿಗೆ ಪಕ್ಕದವರೆಂದು ಎಣಿಸುವುದು. ರೋಗಿಯ ಹೆಸರಾಗಲಿ ಹಾಸಿಗೆ ಸಂಖ್ಯೆಯಾಗಲಿ ಹಾಳೆಯ ಮೇಲೆ ಬರಬಾರದು.

ಹೊಸ_ಕಾರ್ಯದರ್ಶಿ:
ಬಹಳ ಉಪಯೋಗವಾಯಿತು. ಮೇ 12ನ್ನು ಚಿಕ್ಕದು ಮಾಡೋಣವೇ? ಹಿರಿಯ ಸದಸ್ಯರು ಒಪ್ಪುವುದು ಕಷ್ಟ.

ಸ್ಕಿಲ್_ಲ್ಯಾಬ್:
ಚಿಕ್ಕದು ಮಾಡಬೇಡಿ, ಅದಕ್ಕೊಂದು ಕೆಲಸ ಕೊಡಿ. ಆಧುನಿಕ ನರ್ಸಿಂಗ್‌ಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ ಅದು (1820). ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ ಪ್ರತಿ ವರ್ಷ ಒಂದು ವಿಷಯ ಪ್ರಕಟಿಸುತ್ತದೆ, ಉಪನ್ಯಾಸಕ್ಕೆ ಅದು ಸಾಕು. ಅದಕ್ಕೆ ಒಂದು ವಾರ ಮೊದಲು, ಮೇ 5, ವಿಶ್ವ ಕೈ ನೈರ್ಮಲ್ಯ ದಿನ. ಏಪ್ರಿಲ್‌ನಲ್ಲಿ ವಾರ್ಡುಗಳಲ್ಲಿ ಇಪ್ಪತ್ತಿಪ್ಪತ್ತು ನಿಮಿಷ ನಿಂತು, ವಿಶ್ವ ಆರೋಗ್ಯ ಸಂಸ್ಥೆ ಹೇಳುವ, ಕೈ ಶುಚಿ ಮಾಡಲೇಬೇಕಾದ ಐದು ಸಂದರ್ಭಗಳ ಪ್ರಕಾರ ವೀಕ್ಷಣೆ ಮಾಡಿ, 5ಕ್ಕೆ ಫಲಿತಾಂಶ ಹೇಳಿ, 12ಕ್ಕೆ ವಾರ್ಡಿಗೆ ಬಹುಮಾನ ಕೊಡಿ. ವ್ಯಕ್ತಿಗಳ ಹೆಸರು ಬರೆದರೆ ಮುಂದಿನ ವರ್ಷ ಯಾರೂ ಬಾಗಿಲು ತೆಗೆಯುವುದಿಲ್ಲ. ಸೆಪ್ಟೆಂಬರ್ 17 ರೋಗಿ ಸುರಕ್ಷತಾ ದಿನ. ಔಷಧ ಕೊಡುವಾಗಿನ ತಪ್ಪುಗಳ ಬಗ್ಗೆ ತರಗತಿ ಅಲ್ಲಿಗೆ ಹೊಂದುತ್ತದೆ.

ಬೈಲಾ_ಓದುಗ:
ವಾರ್ಷಿಕ ವರದಿಯನ್ನು ವರ್ಷದ ಕೊನೆಗೆ ಬರೆಯಲು ಕೂರಬೇಡಿ. ಪ್ರತಿ ಕಾರ್ಯಕ್ರಮ ಮುಗಿದ ವಾರದೊಳಗೆ ಅರ್ಧ ಪುಟ: ದಿನಾಂಕ, ವಿಷಯ, ಹಾಜರಿ, ಕ್ರೆಡಿಟ್ ಗಂಟೆ, ಖರ್ಚು. ಕೊಟ್ಟ ಮನವಿಗಳಿಗೆ ಬೇರೆ ಕೋಷ್ಟಕ, ಉತ್ತರ ಬಾರದವನ್ನೂ ಸೇರಿಸಿ. ತರಬೇತಿ ಶುಲ್ಕವನ್ನೂ ಚಂದಾವನ್ನೂ ಒಂದೇ ತಲೆಬರಹದಲ್ಲಿ ಜಮಾ ಮಾಡಿದರೆ ಆಡಿಟರ್ ವಾಪಸ್ ಕಳಿಸುತ್ತಾರೆ. ಇನ್ನೊಂದು, ಹೊಸ ಸಮಿತಿ ಎಂದಿರಿ: ಬ್ಯಾಂಕಿನ ಸಹಿದಾರರನ್ನು ಬದಲಿಸುವ ನಿರ್ಣಯ ಆಗಿದೆಯೇ? ಅದರ ಪ್ರತಿ ಬ್ಯಾಂಕಿಗೆ ತಲುಪುವವರೆಗೆ ಚೆಕ್‌ಗೆ ಹಳೆಯ ಖಜಾಂಚಿಯ ಸಹಿಯೇ ಬೇಕಾಗುತ್ತದೆ.